ಗ್ಯಾರೇಜಿನ ಮೆಟ್ಟಿಲು, ಜಪಾನಿನ ಇಳಿಜಾರು

ನಷ್ಟ ಏನಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗಡಿ ಇಟ್ಟವನಿಗೆ ಅದೇ ರೂಢಿ. ಜಪಾನಿನ ಒಂದು ಬೆಟ್ಟದ ಸಾಲಿನ ಮೇಲೆ ನಾನು ಒಬ್ಬ ಹಿರಿಯರನ್ನು ಕಳೆದುಕೊಂಡೆ. ಅವರು ಬದುಕಿದ್ದಾರೆ, ಗಟ್ಟಿಮುಟ್ಟಾಗಿಯೇ ಇದ್ದಾರೆ, ಹ್ಯೂಸ್ಟನ್ನಿನಲ್ಲಿ ನಾನು ತರಕಾರಿ ಕೊಳ್ಳುವ ಅಂಗಡಿಯಲ್ಲೇ ಅವರೂ ತರಕಾರಿ ಕೊಳ್ಳುತ್ತಾರೆ. ನನ್ನ ಜೊತೆ ಮಾತಿಲ್ಲ, ಅಷ್ಟೆ. ಮೂರು ಸಾವಿರ ಮೀಟರ್ ಎತ್ತರದ ಒಂದು ಗುಡಿಸಿಲಲ್ಲಿ, ನಾಲ್ಕು ಜನರ ಎದುರು, ನಾನು ಅವರಿಗೆ ಒಂದು ಮಾತು ಅಂದೆ. ಬಾಯಿ ತಪ್ಪಿ ಬಂದ ಮಾತಲ್ಲ, ಆರಿಸಿ ತೆಗೆದದ್ದು. ನಾಳೆ ಅದೇ ಪ್ರಸಂಗ ಬಂದರೆ ನಾಳೆಯೂ ಅದನ್ನೇ ಅನ್ನುತ್ತೇನೆ. ಆದರೆ ಅದನ್ನು ಅನ್ನಬೇಕಾದ ಜಾಗ ಆ ಬೆಟ್ಟವಾಗಿರಲಿಲ್ಲ, ಹ್ಯೂಸ್ಟನ್ನಿನ ಒಂದು ಪಾರ್ಕಿಂಗ್ ಗ್ಯಾರೇಜಾಗಿತ್ತು. ನಿಮಗೆ ಆ ನಷ್ಟ ಬೇಡ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನದು ಟ್ರಾವೆಲ್ ಏಜೆನ್ಸಿ. ಎರಡು ಸಾವಿರದ ದಶಕದ ಕೊನೆಯ ಹೊತ್ತಿಗೆ ನಮ್ಮ ಜನ ತಮ್ಮ ಟಿಕೆಟ್ ತಾವೇ ಕಂಪ್ಯೂಟರಿನಲ್ಲಿ ಕೊಂಡು, ಸೀಟು ಸರಿಯಿಲ್ಲ ಎಂದು ದೂರಲಿಕ್ಕೆ ಮಾತ್ರ ನನಗೆ ಫೋನ್ ಮಾಡುತ್ತಿದ್ದರು. ಕಂಪ್ಯೂಟರ್ ಮಾರಲಾಗದ್ದನ್ನು ಏನಾದರೂ ಮಾರಬೇಕಿತ್ತು. ಗುಂಪು ಕಟ್ಟಿಕೊಂಡು ಬೆಟ್ಟಕ್ಕೆ ಕರೆದೊಯ್ಯುವ ಕೆಲಸ ಹಿಡಿದೆ. ಒಂದೆರಡು ಬೇಸಿಗೆ ಕೊಲರಾಡೊಗೆ ಹೋಗಿ ಬಂದೆವು. ಆಗ ಕಾಕಾ ಒಂದು ಹಳೆಯ ಕ್ಯಾಲೆಂಡರ್ ಸುರುಳಿ ಸುತ್ತಿಕೊಂಡು ಅಂಗಡಿಗೆ ಬಂದರು.

ಕಾಕಾ ಅಂದರೆ ರಕ್ತಸಂಬಂಧವಲ್ಲ. ಧಾರವಾಡದವರು, ಹ್ಯೂಸ್ಟನ್ ಪಕ್ಕದ ಕ್ಲಿಯರ್ ಲೇಕಿನಲ್ಲಿ ಇಂಜಿನಿಯರ್ ಆಗಿದ್ದವರು. ನಾನು ಹುಬ್ಬಳ್ಳಿಯಿಂದ ಬಂದ ಹೊಸತರಲ್ಲಿ ತಮ್ಮ ಕಾರಿನಲ್ಲೇ ನನಗೆ ಡ್ರೈವಿಂಗ್ ಕಲಿಸಿದರು, ನನ್ನ ಅಂಗಡಿಗೆ ಹೆಸರಿಟ್ಟರು, ಮೊದಲ ಗಿರಾಕಿಯೂ ಅವರೇ ಆದರು. ನಮ್ಮ ಕಡೆಯ ಮನೆಗಳಲ್ಲಿ ಅವರಿಗೆ ಕೇಳದೆ ಯಾವ ಕೆಲಸವೂ ಆಗುತ್ತಿರಲಿಲ್ಲ. ಆ ವರ್ಷ ಅವರು ರಿಟೈರ್ ಆಗಿದ್ದರು. ಹಾಗೆಂದು ಎಲ್ಲರಿಗೂ ಗೊತ್ತಿದ್ದದ್ದು. ನಿಜಸಂಗತಿಯನ್ನು ಅವರು ಒಂದು ಸಂಜೆ ಕಾರಿನಲ್ಲಿ ಕೂತು ನನಗೊಬ್ಬನಿಗೆ ಹೇಳಿದ್ದರು. ಅವರಿಗಿಂತ ಬಹಳ ಚಿಕ್ಕವನಾದ ಮ್ಯಾನೇಜರ್ ಕರೆದು, ಇನ್ನು ಈ ವೇಗಕ್ಕೆ ನಿಮ್ಮ ಕೈಲಿ ಆಗುವುದಿಲ್ಲ ಎಂದು ಮನೆಗೆ ಕಳಿಸಿದ್ದ. ಹೇಳಿ ಮುಗಿಸಿ ಕಾಕಾ ಬಹಳ ಹೊತ್ತು ಸ್ಟೀರಿಂಗ್ ಹಿಡಿದೇ ಕೂತಿದ್ದರು. ಕಾರು ನಿಂತಿತ್ತು.

ಕ್ಯಾಲೆಂಡರಿನಲ್ಲಿ ಒಂದು ಶಿಖರದ ಚಿತ್ರ. ಯಾರಿಗತಾಕೆ. ಯಾರಿ ಅಂದರೆ ಈಟಿ. ನಿಜಕ್ಕೂ ಆಕಾಶಕ್ಕೆ ನೆಟ್ಟ ಈಟಿಯ ಮೊನೆಯಂತಿತ್ತು. ಹಿಂದೊಮ್ಮೆ ಕೆಲಸಕ್ಕೆಂದು ಬಂದ ಜಪಾನಿ ಇಂಜಿನಿಯರುಗಳು ಕೊಟ್ಟದ್ದಂತೆ. ತಾರೀಖುಗಳು ಮುಗಿದು ಎಷ್ಟೋ ವರ್ಷವಾದರೂ ಅವರು ಅದನ್ನು ಆಫೀಸಿನ ಗೋಡೆಯಿಂದ ತೆಗೆದಿರಲಿಲ್ಲ.

"ತಮ್ಮಾ, ಇದರ ಮ್ಯಾಲೆ ಒಮ್ಮೆ ನಡೀಬೇಕು."

"ಈಟಿ ಮ್ಯಾಲೆ ಹ್ಯಾಂಗ ನಡೀತೀರಿ ಕಾಕಾ?"

"ಈಟಿ ಹತ್ತಿ ಇಳಿಯೂದು. ಆಮ್ಯಾಲೆ ಈ ಕಡೆ ಸಾಲು ಅದಲ್ಲ, ಅದರ ಗುಂಟ ಆ ಕಡೆ ಶಿಖರಕ್ಕ ದಾಟೂದು. ನೀ ಬರೇ ಟಿಕೆಟ್ ನೋಡು, ಉಳಿದದ್ದು ನಾ ನೋಡ್ತೀನಿ."

ಆ ಸಾಲಿನ ನಡುವೆ ಒಂದು ಕಡೆ ಬೆಟ್ಟವೇ ಕಡಿದು ಹೋದಂತಿದೆ. ಜಪಾನಿಗಳು ಅದನ್ನು ದೊಡ್ಡ ಕಡಿತ ಎಂದೇ ಕರೆಯುತ್ತಾರೆ. ಕಬ್ಬಿಣದ ಏಣಿ, ಸರಪಳಿ ಹಿಡಿದು ಕೆಳಗಿಳಿದು, ಎರಡೂ ಬದಿ ಪಾತಾಳವಿರುವ ಕಲ್ಲಿನ ಬೆನ್ನಿನ ಮೇಲೆ ದಾಟಿ, ಮತ್ತೆ ಹತ್ತಬೇಕು. ಒಮ್ಮೆ ಕಡಿತದೊಳಗೆ ಇಳಿದರೆ ಪಕ್ಕಕ್ಕೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಈ ವಿಷಯ ನನಗೆ ಮೊದಲೇ ಗೊತ್ತಿತ್ತು. ಗೈಡ್ ಇಮೇಲಿನಲ್ಲಿ ಬರೆದಿದ್ದ.

ಗೈಡ್ ಆ ಬೆಟ್ಟದ ಕೆಳಗಿನ ಊರಿನವನು, ಇಂಗ್ಲಿಷ್ ಸಾಕಷ್ಟು ಬರುತ್ತಿತ್ತು. ಅವನ ಶರತ್ತು ಒಂದೇ. ಈಟಿಯ ಏಣಿಗಳ ಮೇಲೆ ನಿಮ್ಮೆಲ್ಲರನ್ನೂ ನೋಡುತ್ತೇನೆ, ಸಾಲು ಯಾರು ದಾಟಬಹುದೆಂದು ಆಮೇಲೆ ತೀರ್ಮಾನಿಸುತ್ತೇನೆ. ನಾನು ಚೌಕಾಸಿಗೆ ಇಳಿದೆ. ಇವರೆಲ್ಲ ಕೊಲರಾಡೊ ನೋಡಿದವರು, ಈಗಲೇ ಒಪ್ಪಿಬಿಡಿ ಎಂದು ಬರೆದೆ. ಅವನು ಅದೇ ವಾಕ್ಯವನ್ನು ಮತ್ತೆ ಬರೆದ. ನಾನು ಇನ್ನೊಂದು ಬಗೆಯಲ್ಲಿ ಕೇಳಿದೆ. ಅವನು ಇನ್ನಷ್ಟು ನಯವಾಗಿ ಮತ್ತದೇ ವಾಕ್ಯ ಬರೆದ. ಅಂಥವನ ಹತ್ತಿರ ಚೌಕಾಸಿ ನಿಲ್ಲಿಸಬೇಕು, ಅವನನ್ನೇ ಗೊತ್ತುಮಾಡಿಕೊಳ್ಳಬೇಕು. ಹಾಗೇ ಮಾಡಿದೆ.

ಗುಂಪು ಚಿಕ್ಕದು. ಕಾಕಾ, ನಾನು. ಡಲ್ಲಾಸಿನಿಂದ ಮೈಸೂರು ಕಡೆಯ ಗಂಡ ಹೆಂಡತಿ. ಗಂಡ ಸಾಫ್ಟ್‌ವೇರಿನವನು, ಹೆಂಡತಿ ಫಿಸಿಯೋಥೆರಪಿಸ್ಟ್. ಆಸ್ಟಿನ್ನಿನಲ್ಲಿ ಎಂಎಸ್ ಓದುತ್ತಿದ್ದ ಒಬ್ಬ ಹುಡುಗಿ, ಮೈಸೂರಿನ ಮುಸ್ಲಿಂ ಮನೆಯವಳು. ಅವಳು ನನ್ನನ್ನು ಅಣ್ಣಾ ಎನ್ನುತ್ತಿದ್ದಳು, ಕಾಕಾಗೆ ಉಳಿದವರಂತೆ ಅಂಕಲ್.

ಇನ್ನು ತಯಾರಿಯ ಮಾತು. ಹ್ಯೂಸ್ಟನ್ ರೊಟ್ಟಿ ಹಂಚಿನಂತೆ ಸಮತಟ್ಟು. ಹತ್ತಲು ಫ್ಲೈಓವರ್ ಬಿಟ್ಟರೆ ಏನೂ ಇಲ್ಲ. ಆಸ್ಪತ್ರೆಗಳ ಕಡೆ ಎತ್ತರದ ಪಾರ್ಕಿಂಗ್ ಗ್ಯಾರೇಜುಗಳಿವೆ. ಪರಿಚಯದ ಡಾಕ್ಟರ ಮೂಲಕ ಒಂದರಲ್ಲಿ ಅನುಮತಿ ಪಡೆದು, ಬೆನ್ನಚೀಲದಲ್ಲಿ ಸೋನಾಮಸೂರಿ ಅಕ್ಕಿ ತುಂಬಿಕೊಂಡು, ನಾನೂ ಕಾಕಾನೂ ಬೆಳಗಿನ ಸೆಕೆಯಲ್ಲಿ ಅದರ ಮೆಟ್ಟಿಲು ಹತ್ತುತ್ತಿದ್ದೆವು. ಹತ್ತುವುದು ಮೆಟ್ಟಿಲಲ್ಲಿ, ಇಳಿಯುವುದು ಲಿಫ್ಟಿನಲ್ಲಿ. ಇದು ಕಾಕಾ ಹಾಕಿದ ಲೆಕ್ಕ.

"ಹತ್ತೂದು ಕೆಲಸ. ಇಳಿಯೂದು ಕೆಲಸ ಅಲ್ಲ. ಇಳಿಯೂದು ಗ್ರ್ಯಾವಿಟಿ ಪುಕ್ಕಟ ಕೊಡ್ತದ. ಲಿಫ್ಟಿನಾಗ ಇಳದ್ರ ಅಷ್ಟ ಹೊತ್ತಿನಾಗ ಎರಡು ಪಟ್ಟು ಹತ್ತಬಹುದು, ತಿಳೀತೇನು?"

ಎರಡು ಪಟ್ಟು ಎಂದರೆ ನನ್ನಂಥವನಿಗೆ ಸಾಕಲ್ಲ. ಬೇಸಿಗೆ ಪೂರ್ತಿ ಹಾಗೇ ನಡೆಯಿತು. ಲಿಫ್ಟಿನಲ್ಲಿ ಎಸಿ ಇತ್ತು ಎನ್ನುವುದನ್ನೂ ಹೇಳಬೇಕು.

ಹೊರಡುವ ಮುಂಚೆ ಎಲ್ಲರೂ ಒಮ್ಮೆ ಆಸ್ಟಿನ್ನಿನಲ್ಲಿ ಸೇರಿದೆವು. ದ ಡೊಮೇನ್ ಎಂಬ ಅಂಗಡಿಬೀದಿ ಆಗಿನ್ನೂ ಹೊಸದು, ಅಲ್ಲಿಯ ಕಾಫಿ ಅಂಗಡಿಯೊಂದರ ಹೊರಗೆ ಕೂತು ಸಾಮಾನು ಹಂಚಿಕೊಂಡೆವು. ಬೂಟಿನ ಅಟ್ಟೆ ಬಗ್ಗದಷ್ಟು ಗಟ್ಟಿಯಿರಬೇಕು, ಮಳೆಯ ಕೋಟಿನ ಜೊತೆ ಮಳೆಯ ಪ್ಯಾಂಟೂ ಬೇಕು, ಹತ್ತಿ ಬಟ್ಟೆ ಒಂದೂ ಬೇಡ. ಹುಡುಗಿ ಆಸ್ಟಿನ್ ಪಶ್ಚಿಮದ ಗುಡ್ಡಗಳನ್ನು ಹತ್ತಿ ಇಳಿದು ತಯಾರಾಗಿದ್ದಳು. ಡಲ್ಲಾಸಿನವರು ಗಂಡನ ಆಫೀಸು ಕಟ್ಟಡದ ಮೆಟ್ಟಿಲುಗಳನ್ನು ಬಳಸಿದ್ದರು. ರಜೆಯ ದಿನ ಅಲ್ಲಿ ಲಿಫ್ಟ್ ನಡೆಯದ ಕಾರಣ ಇಳಿಯುವುದೂ ಕಾಲಲ್ಲೇ. ನಮ್ಮ ಪದ್ಧತಿ ಕೇಳಿ ಡಲ್ಲಾಸಿನ ಹೆಂಡತಿಯ ಮುಖ ಸ್ವಲ್ಪ ಬದಲಾಯಿತು.

"ಅಂಕಲ್, ಇಳಿಯೋದು ಪ್ರಾಕ್ಟೀಸ್ ಮಾಡ್ಲೇ ಇಲ್ವಾ? ಇಳಿಯೋವಾಗ ತೊಡೆಗೆ ಬೇರೆ ಥರ ಕೆಲಸ ಇರತ್ತೆ..."

"ಬಿದ್ರ ನ್ಯೂಟನ್ ಹಿಡೀತಾನ ಬಿಡವ್ವಾ!"

ಎಲ್ಲರೂ ನಕ್ಕೆವು. ಅವಳೂ ನಕ್ಕಳು. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಅಂಕಲ್ ಮಾತಿಗೆ ಎದುರಾಡದಿರುವುದು ನಮ್ಮಲ್ಲಿ ಒಳ್ಳೆಯ ಗುಣ.

ಸೆಪ್ಟೆಂಬರಿನಲ್ಲಿ ಹೊರಟೆವು. ಮೊದಲ ದಿನದ ದಾರಿ ನದಿಯ ದಂಡೆಯ ಗುಂಟ, ಕಾಡಿನ ನಡುವೆ, ಬಹುಪಾಲು ಸಮತಟ್ಟು. ಕಾಕಾ ಮುಂದೆ, ನಾವು ಹಿಂದೆ. ಇದರಲ್ಲಿ ಒಂದು ತೊಡಕಿತ್ತು. ಹಿರಿಯರು ನಿಲ್ಲದೆ ನಾವು ಹೇಗೆ ನಿಲ್ಲುವುದು ಎಂದು ನಾವು ನಡೆಯುತ್ತಿದ್ದೆವು. ಹಿಂದಿರುವ ಹುಡುಗರು ನಿಲ್ಲದಿರುವಾಗ ತಾನು ಹೇಗೆ ನಿಲ್ಲುವುದು ಎಂದು ಅವರು ನಡೆಯುತ್ತಿದ್ದರು. ಹೀಗಾಗಿ ಯಾರೂ ನಿಲ್ಲಲಿಲ್ಲ, ಯಾರೂ ನೀರು ಕುಡಿಯಲಿಲ್ಲ. ಗೈಡ್ ದಾರಿಗೆ ಅಡ್ಡ ನಿಂತು, ತಲೆಬಾಗಿ, ನೀರು ಕುಡಿಯಿರಿ ಎಂದು ಕೇಳಿಕೊಳ್ಳಬೇಕಾಯಿತು. ಆ ರಾತ್ರಿಯ ತಂಗುದಾಣದಲ್ಲಿ ಊಟಕ್ಕೆ ಸುಟ್ಟ ಮೀನು ಬಂತು. ನಮ್ಮಲ್ಲಿ ಮೀನು ತಿನ್ನುವವಳು ಹುಡುಗಿಯೊಬ್ಬಳೇ. ಎಲ್ಲರ ತಟ್ಟೆಯ ಮೀನೂ ಅವಳ ಮುಂದೆ ಸಾಲಾಗಿ ಬಂದು ಮಲಗಿದವು.

"ಅಣ್ಣಾ, ಇವತ್ತಿನಿಂದ ಪ್ರತಿ ಟೂರಿಗೂ ನಾನು ರೆಡಿ," ಎಂದಳು.

ನಮ್ಮದು ಖಡಕ್ ರೊಟ್ಟಿ. ಚೀಲದೊಳಗೆ ಪುಡಿಯಾಗಿತ್ತು. ಅದಕ್ಕೆ ಶೇಂಗಾ ಚಟ್ನಿ, ಎಣ್ಣೆ ಕಲಸಿ ಚಮಚದಲ್ಲಿ ತಿಂದೆವು. ಬೆಟ್ಟಕ್ಕೆ ಅದರಷ್ಟು ಹಗುರ, ಅದರಷ್ಟು ಹೊಟ್ಟೆ ಹಿಡಿಯುವ ಆಹಾರ ನಾನು ಇನ್ನೂ ಕಂಡಿಲ್ಲ. ಮನೆಯಲ್ಲೇ ಮುರಿದು ಡಬ್ಬಿಗೆ ತುಂಬಿ ಒಯ್ಯಿರಿ, ಜಾಗ ಉಳಿಯುತ್ತದೆ.

ಎರಡನೆಯ ದಿನ ಏರು. ಕಾಡು ಮುಗಿದು ಕಲ್ಲು ಶುರುವಾಯಿತು, ಕಲ್ಲಿನ ಮೇಲೆ ದಾರಿ ಹಾವಿನಂತೆ ಹೊರಳಿ ಹೊರಳಿ ಹತ್ತುತ್ತಿತ್ತು. ಆ ದಿನ ಕಾಕಾರನ್ನು ನೋಡಬೇಕಿತ್ತು. ಗ್ಯಾರೇಜಿನ ಬೇಸಿಗೆ ಪೂರ್ತಿ ಅವರ ಕಾಲಲ್ಲಿತ್ತು. ಡಲ್ಲಾಸಿನ ಗಂಡ ಏದುಸಿರು ಬಿಡುತ್ತಿದ್ದ, ನನಗೆ ತಲೆ ಸಿಡಿಯುತ್ತಿತ್ತು, ಅವರು ಒಂದೇ ಹದದಲ್ಲಿ ಹತ್ತಿದರು. ಈಟಿಯ ಭುಜದ ಮೇಲಿರುವ ಗುಡಿಸಿಲು ಮುಟ್ಟಿದಾಗ ಮೊದಲು ತಲುಪಿದವರು ಅವರೇ. ಗುಡಿಸಿಲು ಎಂದೆನೇ ಹೊರತು ಅದು ನೂರಾರು ಜನ ಮಲಗುವ ದೊಡ್ಡ ಮರದ ಮನೆ.

ಚೀಲ ಒಳಗಿಟ್ಟು, ಹೆಲ್ಮೆಟ್ ಹಾಕಿಕೊಂಡು, ಮಧ್ಯಾಹ್ನ ಈಟಿಗೆ ಹೊರಟೆವು. ಹತ್ತಲು ಒಂದು ದಾರಿ, ಇಳಿಯಲು ಪಕ್ಕದಲ್ಲೇ ಬೇರೆ. ಕಲ್ಲಿಗೆ ಬಡಿದ ಸರಪಳಿ, ಕೊನೆಯಲ್ಲಿ ಗಾಳಿಗೆ ತೂಗಿದಂತೆ ನಿಂತ ಕಬ್ಬಿಣದ ಏಣಿ. ತುದಿಯಲ್ಲಿ ಒಂದು ಪುಟ್ಟ ಮರದ ಗುಡಿ, ಸುತ್ತ ನಾಲ್ಕಾರು ಜನ ಕೂರುವಷ್ಟು ಜಾಗ. ಕಾಕಾ ಗುಡಿಗೆ ಬೆನ್ನು ಹಾಕಿ ದಕ್ಷಿಣಕ್ಕೆ ತಿರುಗಿ ಕೂತರು. ಎದುರಿಗೆ ಕ್ಯಾಲೆಂಡರಿನ ಸಾಲು. ಬೆರಳು ತೋರಿಸಿ ಒಂದೊಂದೇ ಶಿಖರದ ಹೆಸರು ಹೇಳಿದರು. ಗೈಡ್ ಹೌದು ಹೌದು ಎಂದು ತಲೆ ಆಡಿಸಿದ.

ಇಳಿಯುವಾಗ ಗೈಡ್ ಎಲ್ಲರಿಗಿಂತ ಕೆಳಗೆ, ಪಕ್ಕದ ಕಲ್ಲಿನ ಮೇಲೆ ನಾನು, ಏಣಿಯ ಮೇಲೆ ಕಾಕಾ. ನನ್ನ ಕಣ್ಣಿನ ಮಟ್ಟಕ್ಕೆ ಅವರ ಬೂಟು ಬಂತು. ಅದು ಏಣಿಯ ಕಂಬಿಯ ಮೇಲೆ ಟಕಟಕನೆ ಬಡಿದುಕೊಳ್ಳುತ್ತಿತ್ತು, ಹೊಲಿಗೆ ಮಷಿನ್ನಿನ ಸೂಜಿಯಂತೆ. ನನ್ನ ತೊಡೆಯೂ ನಡುಗುತ್ತಿತ್ತು. ಕಾರಣ ನನಗೆ ಆ ಕ್ಷಣವೇ ಹೊಳೆಯಿತು. ಹ್ಯೂಸ್ಟನ್ನಿನ ನಾವಿಬ್ಬರು ಮಾತ್ರ ನಡುಗುತ್ತಿದ್ದೆವು. ಡಲ್ಲಾಸಿನವರೂ ಹುಡುಗಿಯೂ ಆರಾಮಾಗಿ ಇಳಿದು ಕೆಳಗೆ ನಿಂತಿದ್ದರು.

"ಅಂಕಲ್, ಗ್ರ್ಯಾವಿಟಿ ಪುಕ್ಕಟೆ ಸಿಕ್ತಾ?" ಹುಡುಗಿ ತಮಾಷೆಗೆ ಕೂಗಿದಳು.

ಕಾಕಾ ಮುಂದಿನ ಕಂಬಿಗೆ ಇಟ್ಟ ಕಾಲು ಮೊಣಕಾಲಲ್ಲಿ ಮಡಚಿ ಜಾರಿತು. ಒಂದು ಕ್ಷಣ ಅವರ ಇಡೀ ದೇಹ ಎರಡು ಕೈಗಳ ಮೇಲೆ ತೂಗಾಡಿತು. ಗೈಡ್ ಎರಡೇ ನೆಗೆತಕ್ಕೆ ಮೇಲೆ ಬಂದು, ಅವರ ಬೂಟನ್ನು ಅಂಗೈಯಲ್ಲಿ ಹಿಡಿದು ಕಂಬಿಗೆ ಒತ್ತಿದ. ಉಳಿದ ಪ್ರತಿ ಮೆಟ್ಟಿಲಿಗೂ ಹಾಗೇ ಒತ್ತಿ ಒತ್ತಿ ಇಳಿಸಿದ. ಕೆಳಗೆ ಬಂದ ಮೇಲೆ ಕಾಕಾ, "ಬೂಟು ಒದ್ದಿ ಆಗಿತ್ತು," ಎಂದರು. ಮಳೆ ಬಂದಿರಲಿಲ್ಲ.

ಅಷ್ಟರಲ್ಲಿ ದಕ್ಷಿಣದ ಸಾಲಿನ ಮೇಲೆ ಹೆಲಿಕಾಪ್ಟರ್ ಬಂತು. ಕಡಿತದ ಮೇಲೆ ಸುತ್ತು ಹಾಕಿತು, ತೂಗಿತು, ಹೋಯಿತು. ಗುಡಿಸಿಲಿನ ಊಟದ ಮನೆಯಲ್ಲಿ ಪಕ್ಕದ ಮೇಜಿನ ಮೇಲೆ ಒಂದು ತಟ್ಟೆ ಬಡಿಸಿ ಇಟ್ಟಿದ್ದರು. ಆ ಸಾಲಿನಿಂದ ಬಂದು ಮಲಗಬೇಕಾಗಿದ್ದ ಯಾರದೋ ಊಟ. ಎಲ್ಲರೂ ಉಂಡು ಎದ್ದರು, ಆ ತಟ್ಟೆಗೆ ಯಾರೂ ಬರಲಿಲ್ಲ. ಕೆಲಸದ ಹೆಂಗಸು ಬಂದು, ಅನ್ನದ ಬಟ್ಟಲು ಮುಚ್ಚಿ, ಸದ್ದು ಮಾಡದೆ ಎತ್ತಿಕೊಂಡು ಹೋದಳು. ಕಾಕಾ ಅದನ್ನು ನೋಡಿದರು. ನಾನು ಅವರು ನೋಡಿದ್ದನ್ನು ನೋಡಿದೆ.

ಒದ್ದೆ ಬಟ್ಟೆ ಒಣಗಿಸುವ ಕೋಣೆಯಲ್ಲಿ ಡಲ್ಲಾಸಿನ ಹೆಂಡತಿ ನನ್ನನ್ನು ನಿಲ್ಲಿಸಿದಳು. ಗೈಡೂ ಅಲ್ಲೇ ಇದ್ದ.

"ಅಂಕಲ್ ತೊಡೆ ಪೂರ್ತಿ ಹೋಗಿದೆ. ನಾಳೆ ಬೆಳಿಗ್ಗೆ ಇನ್ನೂ ಜಾಸ್ತಿ ಆಗತ್ತೆ, ಕಮ್ಮಿ ಆಗಲ್ಲ. ಏಣಿ ಮೇಲೆ ಮಡಚ್ಕೊಂಡ್ರೆ ಮುಗೀತು."

"ಹಂಗಾದ್ರ ನೀವ ಹೇಳ್ರಿ. ನಿಮ್ಮ ಕಸುಬೇ ಅದು."

"ನಾನು ಹೇಗೆ ಹೇಳ್ಲಿ? ನಮ್ಮ ಗೃಹಪ್ರವೇಶದ ದಿನ ಅಪ್ಪ ಅಮ್ಮನ ಜಾಗದಲ್ಲಿ ನಿಂತೋರು ಅವ್ರು."

ನಾನು ಗೈಡಿನ ಕಡೆ ತಿರುಗಿದೆ. ತೀರ್ಮಾನ ನಿಮ್ಮದೇ ಎಂದು ಬರೆದಿದ್ದಿರಲ್ಲ, ಎಂದೆ. ತೀರ್ಮಾನ ಆಗಿದೆ, ಆ ಹಿರಿಯರನ್ನು ನಾನು ಕರೆದೊಯ್ಯುವುದಿಲ್ಲ, ಎಂದ ಅವನು. ಅವರಿಗೆ ನಾಳೆ ಸ್ವಲ್ಪ ಕಷ್ಟವಾಗಬಹುದು ಎಂದು ಹೇಳಿದ್ದೇನೆ. ಅದಕ್ಕಿಂತ ಹೆಚ್ಚು ಹೇಳಬೇಕಾದವರು ನೀವು, ಅವರು ನಿಮ್ಮ ಮನೆಯ ಹಿರಿಯರು, ಎಂದು ಸೇರಿಸಿದ. ಹಿರಿಯರ ಮುಖಕ್ಕೆ ನೇರವಾಗಿ ಆಗುವುದಿಲ್ಲ ಎನ್ನುವ ರೂಢಿ ಅವನ ಊರಿನಲ್ಲೂ ಇಲ್ಲ ಎಂದು ಆಗ ಗೊತ್ತಾಯಿತು.

ಹೋಗಿ ಕಾಕಾರ ಹಾಸಿಗೆಯ ಪಕ್ಕ ಕೂತೆ. ಚೌಕಾಸಿಯ ಎಲ್ಲ ಬಗೆಗಳನ್ನೂ ಬಳಸಿದೆ. ಮೊದಲು ಅನುಕಂಪ ಕೇಳಿದೆ.

"ಕಾಕಾ, ನನ್ನ ಮೊಣಕಾಲು ಹೋಗೇತಿ. ನಾಳೆ ನನ್ನ ಜೋಡಿ ಕೆಳಗ ಇಳೀರಿ."

"ನೀ ಇಳಿ."

"ಮುಂದಿನ ವರ್ಷ ನಾವಿಬ್ಬರ ಬರೂನು. ನನ್ನ ಖರ್ಚಿನಾಗ."

"ಮುಂದಿನ ವರ್ಷ ನನಗ ಒಂದು ವರ್ಷ ಹೆಚ್ಚಾಗಿರ್ತದಲೇ."

"ಗೈಡ್ ನಿಮ್ಮನ್ನ ಕರಕೊಂಡು ಹೋಗೂದಿಲ್ಲ ಅಂದಾನ್ರಿ."

"ಬ್ಯಾಡ ಬಿಡು. ಕಲ್ಲಿನ ಮ್ಯಾಲೆ ಬಿಳಿ ಬಣ್ಣದಾಗ ಗುರುತು ಹಾಕ್ಯಾರ. ನಾ ಒಬ್ಬನ ಹೋಗ್ತೀನಿ."

ಆಚೆ ಹಾಸಿಗೆಯಿಂದ ಹುಡುಗಿ ಎದ್ದು ಕೂತಳು. "ಅಂಕಲ್ ಒಬ್ರೇ ಹೋಗೋದಾದ್ರೆ ನಾನೂ ಅವರ ಜೊತೆ ಹೋಗ್ತೀನಿ ಅಣ್ಣಾ. ಒಬ್ರನ್ನೇ ಬಿಡಕ್ಕಾಗತ್ತಾ?"

ಇಷ್ಟಾದ ಮೇಲೆ ಲೆಕ್ಕ ಸ್ಪಷ್ಟವಾಯಿತು. ಒಂದು ಜೀವದ ಮಾತು ಎರಡರ ಮಾತಾಯಿತು.

ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಗಾಳಿ ಇಲ್ಲ. ಬಾಗಿಲ ಬಳಿಯ ಮರದ ಕಟ್ಟೆಯ ಮೇಲೆ ಕೂತು ಎಲ್ಲರೂ ಬೂಟು ಹಾಕುತ್ತಿದ್ದರು. ಕಾಕಾಗೆ ಬಗ್ಗಲು ಆಗುತ್ತಿರಲಿಲ್ಲ. ಕಾಲು ಉದ್ದಕ್ಕೆ ಚಾಚಿ ಕೂತಿದ್ದರು, ಹುಡುಗಿ ನೆಲದ ಮೇಲೆ ಕೂತು ಅವರ ಲೇಸ್ ಕಟ್ಟುತ್ತಿದ್ದಳು. ಡಲ್ಲಾಸಿನವರು ನಿಂತು ನೋಡುತ್ತಿದ್ದರು. ಗೈಡ್ ಹಗ್ಗ ಸುತ್ತುತ್ತಿದ್ದ.

"ಕಾಕಾ, ಕೆಳಗ ಹೋಗೂನ್ರಿ."

"ಆ ಮಾತು ನಿನ್ನೆ ಮುಗೀತು."

ವ್ಯಾಪಾರದಲ್ಲಿ ನಾನು ಕಲಿತದ್ದು ಇಷ್ಟು. ಎದುರಿನವನಿಗೆ ಏನು ಬೇಕು ಎಂದು ಹುಡುಕಿ ಫಲವಿಲ್ಲ, ಅವನು ಯಾವುದಕ್ಕೆ ಹೆದರುತ್ತಾನೆ ಎಂದು ಹುಡುಕಬೇಕು. ಕಾಕಾ ಬೀಳಲು ಹೆದರುತ್ತಿರಲಿಲ್ಲ. ನಿನ್ನೆಯ ತಟ್ಟೆ ನೋಡಿಯೂ ಹೆದರಿರಲಿಲ್ಲ. ಅವರು ಹೆದರುತ್ತಿದ್ದದ್ದು ಒಂದಕ್ಕೇ, ಅದು ನನಗೊಬ್ಬನಿಗೇ ಗೊತ್ತಿತ್ತು. ಅವರೇ ನಂಬಿ ಹೇಳಿದ್ದು. ನಾನು ಎಲ್ಲರಿಗೂ ಕೇಳುವಂತೆ ದನಿ ಏರಿಸಿದೆ.

"ಆಫೀಸಿನವರು ನಿಮ್ಮನ್ನ ಯಾಕ ತಗದ್ರು ಅಂತ ನನಗ ಈಗ ತಿಳೀತ್ರಿ ಕಾಕಾ. ನೀವು ರಿಟೈರ್ ಆಗಲಿಲ್ಲ, ನಿಮ್ಮನ್ನ ಹೊರಗ ಹಾಕಿದ್ರು. ಆ ಹುಡುಗ ಮ್ಯಾನೇಜರ್ ಸುಳ್ಳ ಹೇಳಿರಲಿಲ್ಲ. ನಿಮ್ಮ ಕೈಲೆ ಆಗೂದಿಲ್ಲ. ಅಲ್ಲೂ ಆಗಲಿಲ್ಲ, ಇಲ್ಲೂ ಆಗೂದಿಲ್ಲ. ಬೂಟಿನ ಲೇಸ್ ಕಟ್ಟಿಕೊಳ್ಳಾಕ ಬರದವರು ಸಾಲು ದಾಟಾಕ ಹೊಂಟೀರಿ. ನಿಮ್ಮ ಹೆಣ ಹೊರೂದು ನನ್ನ ಪ್ಯಾಕೇಜಿನಾಗ ಇಲ್ಲ."

ಹುಡುಗಿಯ ಕೈ ಲೇಸಿನ ಮೇಲೆ ಹಾಗೇ ನಿಂತಿತು. ಡಲ್ಲಾಸಿನ ಗಂಡ ಗೋಡೆಯ ಕಡೆ ತಿರುಗಿದ. ಗೈಡಿಗೆ ಕನ್ನಡ ಬಾರದು, ಆದರೂ ಅವನು ಹಗ್ಗ ಸುತ್ತುವುದನ್ನು ನಿಲ್ಲಿಸಿ ತಲೆ ತಗ್ಗಿಸಿದ. ಕಾಕಾ ನನ್ನನ್ನು ನೋಡಲಿಲ್ಲ. ಹುಡುಗಿಯನ್ನು ನೋಡಿದರು, ಅವಳಿಗೆ ತಿಳಿದುಹೋಯಿತಲ್ಲ ಎಂಬಂತೆ. ಆಮೇಲೆ ಹೆಲ್ಮೆಟ್ ಬಿಚ್ಚಿ ನನ್ನ ಪಕ್ಕಕ್ಕೆ ಇಟ್ಟರು.

"ಬಾಡಿಗೀದು. ಕೊಟ್ಟು ಬಿಡು."

ಶೂ ಇಡುವ ಗೂಡನ್ನು ಹಿಡಿದು ಎದ್ದು, ಚೀಲ ಹೆಗಲಿಗೇರಿಸಿ, ಬಂದ ದಾರಿಯ ಕಡೆ ಹೊರಟರು. ಉಳಿದ ಮೂವರು ಗೈಡಿನ ಜೊತೆ ಸಾಲಿನ ಕಡೆ ಹೋದರು. ಯಾರೂ ಯಾರಿಗೂ ಬರುತ್ತೇವೆ ಎನ್ನಲಿಲ್ಲ.

ನಾನು ಹಿಂದೆ ಹೊರಟೆ. ಹಿಂದಿನ ದಿನ ಹಾವಿನಂತೆ ಹತ್ತಿದ ಕಲ್ಲಿನ ದಾರಿ ಈಗ ಕೆಳಗೆ ಹೊರಳುತ್ತಿತ್ತು. ಮೊದಲ ತಿರುವಿನಲ್ಲೇ ಅವರು ಬಿದ್ದರು. ಓಡಿಹೋಗಿ ಕೈ ಚಾಚಿದೆ. ಅವರು ನನ್ನ ಕೈಯನ್ನು ದಾಟಿ ಕಲ್ಲು ಹಿಡಿದು ಎದ್ದರು. ಅಂಗೈ ಕಿತ್ತು ರಕ್ತ ಬರುತ್ತಿತ್ತು. ಸ್ವಲ್ಪ ದೂರಕ್ಕೆ ಮತ್ತೆ ಬಿದ್ದರು. ಈ ಸಲ ಕೂತೇ ಇಳಿಯತೊಡಗಿದರು, ಒಂದೊಂದು ಕಲ್ಲಿನಿಂದ ಮುಂದಿನದಕ್ಕೆ, ಮಗುವಿನಂತೆ. ಹತ್ತಿ ಬರುತ್ತಿದ್ದ ಜಪಾನಿ ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟು ನಮಸ್ಕಾರ ಹೇಳಿದರು. ಅವರಿಗೆಲ್ಲ ಕಾಕಾ ಕೂತಲ್ಲಿಂದಲೇ ನಕ್ಕು ಪ್ರತಿ ನಮಸ್ಕಾರ ಹೇಳಿದರು.

ಅವರ ಹತ್ತಿರ ಊರುಗೋಲು ಇರಲಿಲ್ಲ. ಮುದುಕರಿಗೆ ಅದು ಎಂದು ಹ್ಯೂಸ್ಟನ್ನಿನಲ್ಲೇ ಬೇಡ ಎಂದಿದ್ದರು. ನನ್ನ ಹತ್ತಿರ ಒಂದು ಜೊತೆ ಇತ್ತು. ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಅವರನ್ನು ದಾಟಿ ಮುಂದೆ ಹೋಗಿ, ಕೋಲುಗಳನ್ನು ಅವರ ಎತ್ತರಕ್ಕೆ ತಿರುಗಿಸಿ ಬಿಗಿಮಾಡಿ, ಒಂದು ಬಂಡೆಗೆ ಒರಗಿಸಿ, ತಿರುಗಿ ನೋಡದೆ ನಡೆದೆ. ನೋಡಿದರೆ ಮುಟ್ಟುವುದಿಲ್ಲ ಎಂದು ಗೊತ್ತಿತ್ತು. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಕಲ್ಲಿನ ಮೇಲೆ ಕಬ್ಬಿಣದ ಮೊನೆ ತಾಗುವ ಸದ್ದು ಕೇಳಿತು. ಆ ಸದ್ದನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಕಾಡು ಮುಟ್ಟುವವರೆಗೆ ಇಳಿದೆ. ಸದ್ದು ನಿಂತಾಗ ನಾನೂ ನಿಲ್ಲುತ್ತಿದ್ದೆ. ನೀರಿನ ಬಾಟಲಿಯನ್ನೂ, ರೊಟ್ಟಿಯ ಡಬ್ಬಿಯನ್ನೂ ಹಾಗೇ ದಾರಿಯ ಕಲ್ಲುಗಳ ಮೇಲೆ ಇಡುತ್ತ ಹೋದೆ. ನೀರು ಖಾಲಿಯಾಯಿತು. ರೊಟ್ಟಿಯನ್ನು ಅವರು ಮುಟ್ಟಲಿಲ್ಲ.

ನದಿಯ ದಂಡೆಯ ತಂಗುದಾಣದಲ್ಲಿ ಒಂದು ರಾತ್ರಿ ಕಳೆದು, ಮರುದಿನ ಬಸ್ಸು ನಿಲ್ಲುವ ಜಾಗ ಸೇರಿದೆವು. ಒಂದೇ ಬ್ಯಾಂಚಿನ ಎರಡು ತುದಿಗೆ ಕೂತೆವು. ನಾನು ಕೊನೆಯ ಪ್ರಯತ್ನ ಮಾಡಿದೆ.

"ಕಾಕಾ, ಈ ಸಾದಾ ದಾರ್ಯಾಗ ಎಷ್ಟ ಸಲ ಬಿದ್ರಿ, ನೀವ ನೋಡಿದ್ರಿ. ಅಲ್ಲಿ ಏಣಿ ಮ್ಯಾಲೆ ಏನಾಗ್ತಿತ್ತು?"

ಅವರು ನದಿಯ ಕಡೆ ಮುಖ ತಿರುಗಿಸಿದರು.

"ಮನಸು ಮುರದ ಮ್ಯಾಲೆ ಕಾಲು ಹ್ಯಾಂಗ ನಿಲ್ತಾವಲೇ?"

ನನ್ನ ಜೊತೆ ಅವರು ಆಡಿದ ಕೊನೆಯ ಮಾತು ಅದು.

ಉಳಿದವರು ಸಾಲು ದಾಟಿ ಬಂದರು, ಬಿಸಿಲಿಗೆ ಮುಖ ಕೆಂಪಾಗಿತ್ತು. ಹವೆ ಹೂವಿನಂತಿತ್ತಂತೆ. ಅಂಕಲ್ ದಾಟುತ್ತಿದ್ದರೇ ಎಂದು ಡಲ್ಲಾಸಿನ ಹೆಂಡತಿಯನ್ನು ಗುಟ್ಟಾಗಿ ಕೇಳಿದೆ. ಇಲ್ಲ, ಖಂಡಿತ ಬೀಳುತ್ತಿದ್ದರು ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಚೀಲದ ಪಟ್ಟಿ ಬಿಗಿಮಾಡುತ್ತ, "ಗೊತ್ತಿಲ್ಲ. ದಾಟ್ಬಿಡ್ತಿದ್ರೋ ಏನೋ," ಎಂದಳು. ಒಣಗಿಸುವ ಕೋಣೆಯಲ್ಲಿ ತಾನು ಏನು ಹೇಳಿದ್ದಳೆಂದು ಅವಳಿಗೂ ನೆನಪಿತ್ತು, ನನಗೂ ನೆನಪಿತ್ತು. ಹುಡುಗಿ ಊರಿಗೆ ಹೋದ ಮೇಲೆ ಫೋಟೋಗಳನ್ನು ಇಮೇಲಿನಲ್ಲಿ ಕಳಿಸಿದಳು. ಮೇಲೆ ಸರ್ ಎಂದು ಬರೆದಿದ್ದಳು. ಅಣ್ಣಾ ಎನ್ನುವುದು ಅಲ್ಲಿಗೆ ಮುಗಿಯಿತು.

ಒಂದು ಸೋಮವಾರ ಅಂಗಡಿ ತೆರೆಯಲು ಹೋದರೆ ಬಾಗಿಲಿಗೆ ನನ್ನ ಊರುಗೋಲುಗಳು ಒರಗಿದ್ದವು. ಮಣ್ಣು ತೊಳೆದು ಒರೆಸಿದ್ದರು. ಚೀಟಿ ಇರಲಿಲ್ಲ. ಆ ಕೋಲುಗಳನ್ನು ನಾನೀಗ ಗಿರಾಕಿಗಳಿಗೆ ಬಾಡಿಗೆಗೆ ಕೊಡುತ್ತೇನೆ, ಒಳ್ಳೆಯ ಮಾಲು. ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನ ದೇವಸ್ಥಾನದಲ್ಲಿ ಒಮ್ಮೊಮ್ಮೆ ಕಾಕಾ ಎದುರಾಗುತ್ತಾರೆ. ಕಂಬಿ ಹಿಡಿದು, ಅಡ್ಡಡ್ಡ ಹೆಜ್ಜೆ ಇಟ್ಟು ಮೆಟ್ಟಿಲು ಇಳಿಯುತ್ತಿರುತ್ತಾರೆ. ನನ್ನನ್ನು ಕಂಡ ಕೂಡಲೇ ಕಂಬಿ ಬಿಡುತ್ತಾರೆ. ನಾನು ಬೇಗ ಬೇರೆ ಕಡೆ ತಿರುಗಿಬಿಡುತ್ತೇನೆ, ಅವರು ಮತ್ತೆ ಕಂಬಿ ಹಿಡಿಯಲಿ ಎಂದು.

ಈಗ ನಿಮಗೆ ಹೇಳುವುದು. ಟೆಕ್ಸಸ್ಸಿನಲ್ಲಿ ಕೂತು ಎತ್ತರದ ಬೆಟ್ಟಕ್ಕೆ ತಯಾರಾಗುತ್ತಿದ್ದರೆ ಲಿಫ್ಟಿನ ಗುಂಡಿ ಮುಟ್ಟಬೇಡಿ. ಹತ್ತಿದ ಪ್ರತಿ ಮೆಟ್ಟಿಲನ್ನೂ ಚೀಲ ಹೊತ್ತೇ ಇಳಿಯಿರಿ, ನಿಧಾನವಾಗಿ, ಕಂಬಿ ಹಿಡಿಯದೆ. ಮರುದಿನ ತೊಡೆ ನೋಯಲಿ, ಅದು ಊರಿನಲ್ಲೇ ನೋಯುವುದು ಒಳ್ಳೆಯದು. ಊರುಗೋಲನ್ನು ವಯಸ್ಸಿಗೆ ಸಂಬಂಧವಿಲ್ಲದೆ ಎಲ್ಲರಿಗೂ ಕೊಡಿ, ಮೊದಲು ಗುಂಪಿನ ಅತಿ ಚಿಕ್ಕವರ ಕೈಗೆ. ಆಗ ಹಿರಿಯರೂ ಹಿಡಿಯುತ್ತಾರೆ. ದಾರಿಯಲ್ಲಿ ಯಾವಾಗ ನಿಲ್ಲಬೇಕೆಂದು ಮೊದಲೇ ಗೊತ್ತುಮಾಡಿ, ಹಿರಿಯರ ಮರ್ಜಿಗೆ ಬಿಡಬೇಡಿ. ಹಿರಿಯರಿಗೆ ಬೇಡ ಎಂದು ಹೇಳುವ ಕೆಲಸವನ್ನು ಅವರ ಉಪ್ಪು ತಿನ್ನದ ಒಬ್ಬರಿಗೆ ಒಪ್ಪಿಸಿ. ನಯವಾದ ಮಾತನ್ನು ಊರಲ್ಲಿ ಆಡದೆ ಉಳಿಸಿಕೊಂಡರೆ, ಮೇಲೆ ಹೋದಾಗ ಕೈಯಲ್ಲಿ ಉಳಿಯುವುದು ಒರಟು ಮಾತೊಂದೇ.

ನಾನೀಗ ಯಾರಿಂದಲೂ ಮುಂಗಡ ತೆಗೆದುಕೊಳ್ಳುವ ಮೊದಲು ಅದೇ ಗ್ಯಾರೇಜಿಗೆ ಕರೆದೊಯ್ಯುತ್ತೇನೆ. ಅವರನ್ನು ಮೇಲಿನ ಮಹಡಿಯಿಂದ ಚೀಲ ಹೊರಿಸಿ ಇಳಿಸುತ್ತೇನೆ. ಕೆಳಗಿನ ಮೆಟ್ಟಿಲ ಬಳಿ ನಿಂತು ಅವರ ಮೊಣಕಾಲು ನೋಡುತ್ತೇನೆ. ಮುಖ ನೋಡುವುದಿಲ್ಲ.